ಹೆಬ್ಬಾಳಕ್ಕೂ ನಂಜನಗೂಡಿಗೂ ನಡುವೆ: ಮೈಸೂರಿನಲ್ಲಿ ಮನೆ ಎಲ್ಲಿ ಮಾಡಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಯಜಮಾನರಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ ಎರಡು ಸಲ ಬೆಂಗಳೂರಿನ ಮುಖ್ಯ ಕಚೇರಿಗೂ ಹೋಗಿಬರಬೇಕು. ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ನಂಜನಗೂಡಿಗೆ ವರ್ಗವಾಗಿದೆ. ಮಗಳು ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಬೇಕು. 74 ವರ್ಷದ ಅತ್ತೆಯವರಿಗೆ ಮಂಡಿನೋವು, ಬಿ.ಪಿ. ಇವೆ. ಬಾಡಿಗೆಗೆ 20 ಸಾವಿರದವರೆಗೆ ಕೊಡಬಲ್ಲೆವು. ಯಜಮಾನರ ಸಹೋದ್ಯೋಗಿಗಳು ವಿಜಯನಗರ 4ನೇ ಹಂತ ನೋಡಿ ಎನ್ನುತ್ತಾರೆ. ನೆಂಟರೊಬ್ಬರು ಕುವೆಂಪುನಗರ ಎನ್ನುತ್ತಾರೆ. ಇನ್ನೊಬ್ಬರು ಬಾಡಿಗೆ ಕಡಿಮೆ, ಬೆಂಗಳೂರೂ ಹತ್ತಿರ ಎಂದು ಮಂಡ್ಯವನ್ನು ಸೂಚಿಸುತ್ತಾರೆ. ಊರಿನ ಸೈಟು ಮಾರಿದ ಹಣ ಕೈಯಲ್ಲಿದೆ. ಬಾಡಿಗೆ ಕಟ್ಟುವುದು ದಂಡ, ಬೋಗಾದಿಯ ಆಚೆ 30×40 ಸೈಟನ್ನು ಈಗಲೇ ಹಿಡಿಯಿರಿ, ಟೋಕನ್ ನಾನೇ ಕೊಟ್ಟಿರುತ್ತೇನೆ ಎಂದು ನನ್ನ ಅಣ್ಣನ ಒತ್ತಾಯ. ಏನು ಮಾಡಬೇಕು?

ಉತ್ತರ: ನಿಮಗೆ ಸಲಹೆ ಕೊಟ್ಟವರಲ್ಲಿ ಯಾರೂ ತಪ್ಪು ಹೇಳಿಲ್ಲ, ಆದರೆ ಪ್ರತಿಯೊಬ್ಬರೂ ತಮ್ಮ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಾರೆ. ಯಜಮಾನರ ಸಹೋದ್ಯೋಗಿಗಳ ಲೆಕ್ಕದಲ್ಲಿ ಇರುವುದು ಹೆಬ್ಬಾಳದ ಕಾರ್ಖಾನೆಯ ಗೇಟು ಮಾತ್ರ. ನಂಜನಗೂಡಿನ ಕಾಲೇಜು ಅವರಲ್ಲಿ ಒಬ್ಬರ ಲೆಕ್ಕದಲ್ಲಿಯೂ ಇಲ್ಲ. ಮೈಸೂರಿನ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿಯ ಕಾರ್ಖಾನೆಗಳೆಲ್ಲ ಊರಿನ ವಾಯವ್ಯಕ್ಕೆ ಗುಂಪುಗೂಡಿವೆ. ನಂಜನಗೂಡು ಊರಿನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿದೆ. ನಿಮ್ಮಿಬ್ಬರ ಕೆಲಸದ ಜಾಗಗಳು ಊರಿನ ಎರಡು ತುದಿಗಳ ಆಚೆ ಇರುವಾಗ ಒಂದು ತುದಿಯಲ್ಲಿ ಮನೆ ಮಾಡಿದರೆ ಇನ್ನೊಬ್ಬರು ಪ್ರತಿದಿನ ಇಡೀ ಊರನ್ನು ದಾಟಬೇಕಾಗುತ್ತದೆ, ಮತ್ತು ಆ ಇನ್ನೊಬ್ಬರು ನೀವೇ ಆಗುತ್ತೀರಿ ಎಂಬುದು ಅವರ ಸಲಹೆಯೊಳಗೆ ಅಡಗಿ ಕುಳಿತಿದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ರಿಂಗ್ ರಸ್ತೆಯ ಒಳಗೆ, ಊರಿನ ನೈರುತ್ಯ ಭಾಗದಲ್ಲಿ, ಅಂದರೆ ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಸರಸ್ವತಿಪುರಂ, ಕುವೆಂಪುನಗರ ಇವುಗಳ ನಡುವೆ, ನೆಲಮಹಡಿಯ ಮನೆಯೊಂದನ್ನು 11 ತಿಂಗಳ ಕರಾರಿಗೆ ಬಾಡಿಗೆ ಹಿಡಿಯಿರಿ. ಸೈಟನ್ನು ಈ ವರ್ಷ ಕೊಳ್ಳಬೇಡಿ. ಮಂಡ್ಯವನ್ನು ಬಿಟ್ಟುಬಿಡಿ.

ಮನೆಯ ಜಾಗವನ್ನು ಯಾರ ಓಡಾಟದ ಮೇಲೆ ನಿರ್ಧರಿಸಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಉತ್ತರ ಚರ್ಚೆಯಿಲ್ಲದೆ ಸಿದ್ಧವಾಗಿರುತ್ತದೆ: ಯಜಮಾನರ ಕಾರ್ಖಾನೆಗೆ ಹತ್ತಿರ. ನಾನು ಇದನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಲು ಹೇಳುತ್ತೇನೆ. ಒಂದು ಹಾಳೆಯಲ್ಲಿ ಮನೆಯ ನಾಲ್ವರ ಹೆಸರು ಬರೆದು, ಪ್ರತಿಯೊಬ್ಬರೂ ಒಂದು ವಾರದಲ್ಲಿ ಎಲ್ಲೆಲ್ಲಿಗೆ, ಎಷ್ಟು ಸಲ, ಯಾವ ವಾಹನದಲ್ಲಿ ಹೋಗುತ್ತಾರೆ ಎಂದು ಗುರುತಿಸಿ. ನಿಮ್ಮ ಯಜಮಾನರು ಗಾಡಿಯಲ್ಲಿ ಹೋಗಬಲ್ಲರು, ಅಥವಾ ಕಾರ್ಖಾನೆಯ ಬಸ್ಸಿದ್ದರೆ ಅದರಲ್ಲಿ. ಕುವೆಂಪುನಗರದಿಂದ ಹೊರಟರೂ ದಟ್ಟಗಳ್ಳಿಯ ಹತ್ತಿರ ರಿಂಗ್ ರಸ್ತೆ ಹಿಡಿದು, ಹಿನಕಲ್ ದಾಟಿ ಹೆಬ್ಬಾಳ ಸೇರುವ ದಾರಿ ಅಷ್ಟೇನೂ ಕಷ್ಟದ್ದಲ್ಲ. ಸುಮಾರು 42 ಕಿ.ಮೀ. ಉದ್ದದ ಈ ರಿಂಗ್ ರಸ್ತೆಯಿಂದಾಗಿ ವಾಯವ್ಯದ ಕೆಲಸಕ್ಕೆ ನೈರುತ್ಯದಿಂದ ಹೋಗುವವರು ಊರಿನ ನಡುವಿನ ಸರ್ಕಲ್‌ಗಳಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಿಮ್ಮ ದಾರಿ ಹಾಗಲ್ಲ. ನೀವು ಮನೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ನಂಜನಗೂಡಿಗೆ, ಅಲ್ಲಿ ಇಳಿದು ಕಾಲೇಜಿಗೆ ಹೀಗೆ ಮೂರು ತುಂಡಾಗಿ ಹೋಗಬೇಕು. ಮೂರರಲ್ಲಿ ನಿಮ್ಮ ಕೈಯಲ್ಲಿರುವುದು ಮೊದಲನೆಯ ತುಂಡು ಮಾತ್ರ. ವಿಜಯನಗರ 4ನೇ ಹಂತದಿಂದ ಹೊರಟರೆ ಆ ಮೊದಲ ತುಂಡೇ ಮುಕ್ಕಾಲು ಗಂಟೆ ತಿಂದರೂ ಆಶ್ಚರ್ಯವಿಲ್ಲ. ಚಾಮುಂಡಿಪುರಂ ಅಥವಾ ಕೃಷ್ಣಮೂರ್ತಿಪುರಂನಿಂದಾದರೆ ನಂಜನಗೂಡಿನ ಕಡೆ ಹೋಗುವ ಊಟಿ ರಸ್ತೆಯ ನಿಲುಗಡೆಗೆ ಆಟೋದಲ್ಲಿ ಹತ್ತು ನಿಮಿಷ.

ನಂಜನಗೂಡಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳು ಗ್ರಾಮಾಂತರ ಬಸ್ ನಿಲ್ದಾಣದಿಂದ ದಿನವಿಡೀ ಇರುತ್ತವೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ಟಿನ ಖರ್ಚೂ ಇಲ್ಲ. ಆದರೆ ಅದೇ ಕಾರಣಕ್ಕೆ ಬೆಳಗಿನ ಬಸ್ಸುಗಳಲ್ಲಿ ಸೀಟು ಸಿಗುವುದೂ ಸುಲಭವಲ್ಲ, ಹಾಗಾಗಿ ಮಧ್ಯದ ನಿಲುಗಡೆಯಲ್ಲಿ ಹತ್ತುವವರು ನಿಂತೇ ಹೋಗುವ ಮನಸ್ಸು ಮಾಡಿಕೊಳ್ಳಬೇಕು. ಇದರ ಜೊತೆಗೆ ಚಾಮರಾಜನಗರದ ಕಡೆ ಹೋಗುವ ರೈಲುಮಾರ್ಗ ಚಾಮರಾಜಪುರಂ, ಅಶೋಕಪುರಂ, ಕಡಕೊಳದ ಮೇಲೆ ನಂಜನಗೂಡಿಗೆ ಹೋಗುತ್ತದೆ. ಬಸ್ಸಿನಷ್ಟು ರೈಲುಗಳಿಲ್ಲ ನಿಜ. ಆದರೆ ನಿಮ್ಮ ತರಗತಿಯ ವೇಳೆಗೆ ಹೊಂದುವ ಒಂದೇ ಒಂದು ರೈಲು ಸಿಕ್ಕರೂ ಸಾಕು, ಚಾಮರಾಜಪುರಂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಮನೆ ನಿಮ್ಮ ಪಾಲಿಗೆ ಚಿನ್ನ. ಬೆಂಗಳೂರಿನ ಕಡೆಯ ಕೆಲವು ರೈಲುಗಳೂ ಈಗ ಅಶೋಕಪುರಂನಿಂದಲೇ ಹೊರಡುವುದರಿಂದ ಯಜಮಾನರ ತಿಂಗಳ ಎರಡು ಪ್ರಯಾಣಕ್ಕೂ ಈ ಭಾಗ ಅನುಕೂಲವೇ. ಮನೆ ಹುಡುಕುವ ಮೊದಲು ಆ ಮಾರ್ಗದ ವೇಳಾಪಟ್ಟಿಯನ್ನೊಮ್ಮೆ ಬಿಡಿಸಿ ನೋಡಿ.

ಮಗಳ ಶಾಲೆಯ ದೃಷ್ಟಿಯಿಂದಲೂ ಇದೇ ಭಾಗ ಒಪ್ಪುತ್ತದೆ. ಮರಿಮಲ್ಲಪ್ಪ, ಸದ್ವಿದ್ಯಾ, ಶಾರದಾವಿಲಾಸದಂಥ ಹಳೆಯ ಸಂಸ್ಥೆಗಳು ಈ ಸುತ್ತಿನಲ್ಲಿಯೇ ಇವೆ. ಎಂಟನೇ ತರಗತಿಯ ಹುಡುಗಿ ಒಬ್ಬಳೇ ಸೈಕಲ್ಲಿನಲ್ಲೋ ನಡೆದೋ ಹೋಗಿಬರುವಂತಿದ್ದರೆ ಮನೆಯ ಇಬ್ಬರು ದೊಡ್ಡವರೂ ಊರ ಹೊರಗಿರುವ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಒಂದು ಎಚ್ಚರಿಕೆ: ಮೊದಲು ಶಾಲೆಯಲ್ಲಿ ಸೀಟು ಖಚಿತವಾಗಲಿ, ಆಮೇಲೆ ಮನೆಗೆ ಅಡ್ವಾನ್ಸ್ ಕೊಡಿ. ತಿರುವುಮುರುವು ಮಾಡಿಕೊಂಡು ಒದ್ದಾಡಿದವರನ್ನು ಪ್ರತಿ ಜೂನ್‌ನಲ್ಲಿ ನೋಡುತ್ತಿರುತ್ತೇನೆ.

ಅತ್ತೆಯವರ ವಿಷಯದಲ್ಲಿ ಜನ ಆಸ್ಪತ್ರೆಯ ದೂರವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಮೈಸೂರಿನಲ್ಲಿ ಅದು ಅಷ್ಟು ದೊಡ್ಡ ಚಿಂತೆಯಲ್ಲ, ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ, ಕುವೆಂಪುನಗರದಲ್ಲೇ ಇರುವ ದೊಡ್ಡ ಖಾಸಗಿ ಆಸ್ಪತ್ರೆ ಇವೆಲ್ಲ ನಾನು ಹೇಳಿದ ಭಾಗಕ್ಕೆ ಹತ್ತಿರ, ಹೃದಯದ ತೊಂದರೆಗೆ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಇದೆ. ನಿಜವಾದ ಚಿಂತೆ ಮೆಟ್ಟಿಲಿನದು. ಮಂಡಿನೋವಿನವರನ್ನು ಮೊದಲ ಮಹಡಿಯಲ್ಲಿ ಇಟ್ಟರೆ ಅವರು ಕೆಳಗೆ ಇಳಿಯುವುದನ್ನೇ ಬಿಟ್ಟುಬಿಡುತ್ತಾರೆ. ಗೊತ್ತಿಲ್ಲದ ಊರಿನಲ್ಲಿ, ಮಗ ಸೊಸೆ ಇಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯಲ್ಲಿ, ಅವರಿಗೆ ಬೇಕಾಗಿರುವುದು ಗೇಟಿನ ಹತ್ತಿರ ಕುರ್ಚಿ ಹಾಕಿ ಕುಳಿತರೆ ಮಾತಾಡಿಸುವ ನಾಲ್ಕು ಜನ, ನಡೆದು ಹೋಗುವಷ್ಟು ದೂರದಲ್ಲಿ ದೇವಸ್ಥಾನ, ಹೂವಿನವಳು, ಮೆಡಿಕಲ್ ಸ್ಟೋರು. ಹಳೆಯ ಬಡಾವಣೆಗಳಲ್ಲಿ ಇದು ಕೇಳದೆಯೇ ಸಿಗುತ್ತದೆ. ಹೊಸ ಬಡಾವಣೆಯ ಬೀದಿಯಲ್ಲಿ ಹಗಲು ಹನ್ನೊಂದು ಗಂಟೆಗೆ ಹೋಗಿ ನಿಂತು ನೋಡಿ. ನಾಲ್ಕು ಸೈಟಿಗೊಂದು ಮನೆ, ಎಲ್ಲ ಗೇಟುಗಳಿಗೂ ಬೀಗ, ನಡುವೆ ಪಾರ್ಥೇನಿಯಂ. ನಿಮ್ಮ ಬಜೆಟ್ಟಿಗೆ ಅಲ್ಲಿ ದೊಡ್ಡ ಮನೆ ಸಿಗಬಹುದು, ಹಳೆಯ ಭಾಗದಲ್ಲಿ ಚಿಕ್ಕದು ಮತ್ತು ಸ್ವಲ್ಪ ಹಳತು. ನಾನು ಚಿಕ್ಕದರ ಪರ.

ಈ ಹಳೆಯ ಬಡಾವಣೆಗಳು ಹೀಗಿರುವುದಕ್ಕೆ ಒಂದು ಕಾರಣವಿದೆ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಹೊಡೆದ ಮೇಲೆ, ಇಕ್ಕಟ್ಟಾದ ಊರನ್ನು ಬಿಡಿಸಲು 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಲಾಯಿತು. ದೇಶದಲ್ಲಿಯೇ ಅಂಥ ಮೊದಮೊದಲ ಸಂಸ್ಥೆಗಳಲ್ಲಿ ಇದೂ ಒಂದು. ಮೊದಲು ರಸ್ತೆ, ಚರಂಡಿ, ಮನೆಗಳ ಹಿಂದೆ ಕಸ ಕೊಳಕು ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಆಮೇಲೆ ಮನೆ ಎಂಬುದು ಆಗಿನ ಕ್ರಮವಾಗಿತ್ತು. ಇವತ್ತು ಊರಿನ ಅಂಚಿನಲ್ಲಿ ಕ್ರಮ ತಲೆಕೆಳಗಾಗಿದೆ: ಮೊದಲು ಸೈಟು, ಆಮೇಲೆ ಮನೆ, ಎಷ್ಟೋ ವರ್ಷಗಳ ಮೇಲೆ ಚರಂಡಿ. 2011ರ ಜನಗಣತಿಯಲ್ಲಿ ಸುಮಾರು 8.9 ಲಕ್ಷವಿದ್ದ ನಗರ ಈಗ ಯಾವ ದಿಕ್ಕಿಗೆ ನೋಡಿದರೂ ರಿಂಗ್ ರಸ್ತೆಯನ್ನು ದಾಟಿ ಹೋಗಿದೆ.

ಹಾಗಾದರೆ ಹಳೆಯ ಭಾಗವೆಲ್ಲ ಸ್ವರ್ಗವೆಂದು ತಿಳಿಯಬೇಡಿ. ವಿದ್ಯಾರಣ್ಯಪುರಂ ನಿಮ್ಮ ನಂಜನಗೂಡು ದಾರಿಗೆ ಬಹಳ ಹತ್ತಿರ, ಬಾಡಿಗೆಯೂ ಹಿತಮಿತವಾಗಿ ಸಿಗಬಹುದು. ಆದರೆ ಅಲ್ಲಿಯ ಸೂಯೆಜ್ ಫಾರಂನಲ್ಲಿ ದಶಕಗಳಿಂದ ನಗರದ ಕಸ ಬಂದು ಬಿದ್ದಿದೆ. ಬೆಳಿಗ್ಗೆ ಹೋಗಿ ನೋಡಿದರೆ ಏನೂ ತಿಳಿಯದು. ಮಳೆ ಬಂದು ನಿಂತ ಸಂಜೆ ಹೋಗಿ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಆಮೇಲೆ ತೀರ್ಮಾನಿಸಿ. ಅಗ್ರಹಾರ, ಕೆ.ಆರ್. ಮೊಹಲ್ಲಾದ ಕೆಲವು ಬೀದಿಗಳಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ದಸರಾ ಹೊತ್ತಿನಲ್ಲಂತೂ ಗಾಡಿ ತೆಗೆಯುವುದೇ ಬೇಡ ಎನ್ನಿಸುತ್ತದೆ. ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಹಳೆಯ ಬೀದಿಗಳಲ್ಲಿ ಮನೆ ಕೇಳಲು ಹೋದಾಗ ಅಡ್ವಾನ್ಸ್ ಎಷ್ಟು ಎಂಬುದಕ್ಕಿಂತ ಮೊದಲು “ನೀವು ಯಾವ ಜನ?” ಎಂಬ ಪ್ರಶ್ನೆ ಬರುವುದುಂಟು. ನಾಚಿಕೆಗೇಡಿನ ಪ್ರಶ್ನೆ, ಆದರೂ ಬರುತ್ತದೆ. ಅಲ್ಲಿ ನಿಂತು ವಾದ ಮಾಡಿ ಗೆದ್ದರೂ ಆಮೇಲೆ ಅದೇ ಮಾಲೀಕರ ಕೆಳಗೆ ಇರಬೇಕಾದವರು ನೀವೇ ಆದ್ದರಿಂದ, ಮುಂದಿನ ಟು-ಲೆಟ್ ಬೋರ್ಡಿನ ಕಡೆಗೆ ನಡೆಯುವುದೇ ಮೇಲು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸರಸ್ವತಿಪುರಂ, ಕುವೆಂಪುನಗರಗಳಲ್ಲಿ ಇದರ ಕಾಟ ನನ್ನ ಅನುಭವದಲ್ಲಿ ಕಡಿಮೆ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮನೆ ತೋರಿಸುವವರು ಅತಿ ಸುಲಭವಾಗಿ ಹೇಳುವ ಸುಳ್ಳು “ಇಪ್ಪತ್ತನಾಲ್ಕು ಗಂಟೆ ನೀರು” ಎಂಬುದೇ. ಮೈಸೂರಿಗೆ ಕುಡಿಯುವ ನೀರು ಕಾವೇರಿಯಿಂದ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಘಟಕಗಳ ಮೂಲಕವೂ, ಕಬಿನಿಯಿಂದ ಬಿದರಗೂಡಿನ ಘಟಕದ ಮೂಲಕವೂ ಬರುತ್ತದೆ. ಹಂಚುವ ಹೊಣೆ ವಾಣಿವಿಲಾಸ ನೀರು ಸರಬರಾಜು ವಿಭಾಗದ್ದು. ಊರಿನ ಒಳಗಿನ ಬಡಾವಣೆಗಳಿಗೆ ಈ ನೀರು ನಲ್ಲಿಯಲ್ಲಿ ಬರುತ್ತದೆ. ರಿಂಗ್ ರಸ್ತೆಯ ಆಚೆಯ ಎಷ್ಟೋ ಬಡಾವಣೆಗಳು ಬೋರ್ ಮತ್ತು ಟ್ಯಾಂಕರನ್ನೇ ನಂಬಿವೆ. ಅಲ್ಲಿ ಸೈಟು ಮಾರುವವರು “ಹಳೇ ಉಂಡುವಾಡಿ ನೀರು ಇನ್ನೇನು ಬಂತು” ಎನ್ನುತ್ತಾರೆ. ಕೆ.ಆರ್.ಎಸ್. ಹಿನ್ನೀರಿನಿಂದ ನೀರು ತರುವ ಆ ಯೋಜನೆ ನಿಜವಾದದ್ದೇ, ಬೇಕಾದದ್ದೇ. ಆದರೆ ಯೋಜನೆಯ ಹೆಸರು ಕೇಳಿ ಹಣ ಕೊಡಬಾರದು, ಆ ಬೀದಿಯ ಕೊಳವೆಯಲ್ಲಿ ನೀರು ಕಂಡು ಕೊಡಬೇಕು.

ಮನೆ ನೋಡಲು ಹೋದಾಗ ಹಾಲಿನ ಟೈಲ್ಸ್ ನೋಡುವ ಮೊದಲು ಬಚ್ಚಲಿಗೆ ಹೋಗಿ. ನಲ್ಲಿಯ ಬಾಯಿಯನ್ನು ಬೆರಳಿನಿಂದ ಸವರಿ. ಬೋರ್ ನೀರಿನ ಮನೆಯಾದರೆ ಅಲ್ಲಿ ಸುಣ್ಣದಂಥ ಬಿಳಿ ಹಕ್ಕಳೆ ಕೈಗೆ ಸಿಗುತ್ತದೆ, ಷವರಿನ ತೂತುಗಳಲ್ಲಿ ಅರ್ಧ ಕಟ್ಟಿಕೊಂಡಿರುತ್ತವೆ, ಗೀಸರಿನ ಕೆಳಗೆ ಬಿಳಿ ಗೆರೆ ಇಳಿದಿರುತ್ತದೆ. ಮನೆಗೆ ಹೊಸದಾಗಿ ಬಣ್ಣ ಹೊಡೆಸಿದರೂ ಈ ಗುರುತುಗಳನ್ನು ಅಳಿಸುವುದನ್ನು ಮಾಲೀಕರು ಮರೆತಿರುತ್ತಾರೆ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಸರಬರಾಜಿನ ಸಾಮಾನ್ಯ ಲೆಕ್ಕ. ನೀವು ನಾಲ್ವರಿಗೆ 540 ಲೀಟರ್. ಆದರೆ ಒಂದೇ ಸಂಪಿನ ಮೇಲೆ ಕೆಳಗೊಂದು, ಮೇಲೆರಡು ಮನೆಗಳಿದ್ದರೆ ಹನ್ನೆರಡು ಜನಕ್ಕೆ ದಿನಕ್ಕೆ 1,620 ಲೀಟರ್ ಆಗುತ್ತದೆ, ದಿನ ಬಿಟ್ಟು ದಿನ ನೀರು ಬಿಡುವ ಬೀದಿಯಾದರೆ ಅದರ ಎರಡರಷ್ಟು. ಆರು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳದ ಸಂಪು ಸುಮಾರು 3,400 ಲೀಟರ್ ಹಿಡಿಯುತ್ತದೆ. ಒಂದು ಕೋಲು ಇಳಿಬಿಟ್ಟು ಅಳತೆ ನೋಡಿದರೆ ಮಾಲೀಕರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ. ನೀರು ಬಿಡುವ ದಿನ ಕಾದು ಡ್ರಮ್ಮು ತುಂಬಿಸಿದ ಅನುಭವವಿರುವ ದಾವಣಗೆರೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಹುಡುಕಾಟವನ್ನು ಏಪ್ರಿಲ್ ಮೇ ತಿಂಗಳಲ್ಲಿ ಇಟ್ಟುಕೊಂಡರೆ ಶಾಲೆಯ ಸಮಯಕ್ಕೂ ಸರಿಯಾಗುತ್ತದೆ, ನೀರಿನ ನಿಜಸ್ಥಿತಿಯೂ ಆಗಲೇ ತಿಳಿಯುತ್ತದೆ. ಬೀದಿಯ ಮೂಲೆಯ ಅಂಗಡಿಯವರನ್ನೋ, ಬಟ್ಟೆ ಇಸ್ತ್ರಿ ಮಾಡುವವರನ್ನೋ ಕೇಳಿ: ಕಳೆದ ಬೇಸಿಗೆಯಲ್ಲಿ ಈ ಬೀದಿಗೆ ಎಷ್ಟು ಟ್ಯಾಂಕರ್ ಬಂದವು? ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿಲ್ಲ.

ಮಳೆನೀರಿನ ಗುರುತನ್ನೂ ಇದೇ ಭೇಟಿಯಲ್ಲಿ ನೋಡಿಬಿಡಿ. ಕಾಂಪೌಂಡಿನ ಒಳಗೋಡೆಯಲ್ಲಿ ನೆಲದಿಂದ ಒಂದಡಿ ಮೇಲೆ ಕೆಮ್ಮಣ್ಣಿನ ಗೆರೆ ಇದೆಯೇ, ಗೇಟಿನ ಬಳಿ ಆಮೇಲೆ ಕಟ್ಟಿದ ಮೋಟುಗೋಡೆ ಇದೆಯೇ ಎಂಬುದನ್ನು ಗಮನಿಸಿ. ರಾಜಕಾಲುವೆಯ ಪಕ್ಕದ ಕೆಳಗಿನ ಮನೆಯಾದರೆ ನಾನು ಮೇಲೆ ಹೇಳಿದ ಮೆಟ್ಟಿಲಿನ ಮಾತನ್ನೇ ಹಿಂತೆಗೆದುಕೊಳ್ಳುತ್ತೇನೆ.

ಬಾಡಿಗೆ ಕರಾರಿನ ವಿಷಯ ಸಂಕ್ಷೇಪವಾಗಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿಯುತ್ತಾರೆ, ನೀರಿನ ಬಿಲ್ಲು ಯಾರದು ಎಂಬುದೆಲ್ಲ ಕರಾರಿನಲ್ಲೇ ಬರೆದಿರಲಿ. ಸೆಸ್ಕ್‌ನ ವಿದ್ಯುತ್ ಮೀಟರು ನಿಮ್ಮ ಮನೆಗೆ ಪ್ರತ್ಯೇಕವಾಗಿರಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ದಾವಣಗೆರೆಯ ಮನೆಯ ಜೋಡಣೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ನಿಮ್ಮ ಕೈಯಲ್ಲಿ ಹಣವಿದೆ ಎಂದು ಗೊತ್ತಾದರೆ ಯಾರಾದರೂ ಒಬ್ಬರು ಭೋಗ್ಯದ ಮಾತನ್ನು ಎತ್ತಿಯೇ ಎತ್ತುತ್ತಾರೆ: ಇಷ್ಟು ಲಕ್ಷ ಒಮ್ಮೆಗೇ ಕೊಡಿ, ಎರಡು ವರ್ಷ ಬಾಡಿಗೆಯಿಲ್ಲದೆ ಇರಿ, ಹೋಗುವಾಗ ಪೂರ್ತಿ ವಾಪಸ್. ಕೇಳಲು ಚೆನ್ನ. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕರು ಕಂತು ಕಟ್ಟದೆ ಹೋದರೆ ಬ್ಯಾಂಕು ಮನೆಯನ್ನು ಹಿಡಿಯುತ್ತದೆ, ನೀವು ನಿಮ್ಮ ಹಣಕ್ಕಾಗಿ ಕೋರ್ಟಿನ ಕಂಬ ಸುತ್ತುತ್ತೀರಿ. ಒಂದು ವರ್ಷಕ್ಕೆ ಮೀರಿದ ಇಂಥ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು; ಮಾಲೀಕರು “ಅದೆಲ್ಲ ಯಾಕೆ, ಛಾಪಾ ಕಾಗದದಲ್ಲಿ ಬರೆದುಕೊಳ್ಳೋಣ” ಎಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ಅಣ್ಣನವರ ಸೈಟಿಗೆ ಬರುತ್ತೇನೆ. ಅವರ ಕಾಳಜಿ ಸಹಜವಾದದ್ದು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ, ಇಂದು ಕೊಳ್ಳದಿದ್ದರೆ ಇನ್ನೆಂದೂ ಕೊಳ್ಳಲಾಗದು ಎಂಬ ಭಯವನ್ನು ಈ ಊರಿನ ಪ್ರತಿ ಫ್ಲೆಕ್ಸ್ ಬೋರ್ಡೂ ಬಿತ್ತುತ್ತಿದೆ. ನಾನೂ ಒಮ್ಮೆ ಆ ಭಯಕ್ಕೆ ಬಿದ್ದವನೇ. ನಗರ ಯೋಜನೆಯ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವನು, ನಕ್ಷೆ ಓದಲು ಬಲ್ಲವನು; ಆದರೂ ರಿಂಗ್ ರಸ್ತೆಯ ಆಚೆ ಗೃಹ ನಿರ್ಮಾಣ ಸಹಕಾರ ಸಂಘವೊಂದರ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದೆ. ಪತ್ರಗಳೆಲ್ಲ ಸರಿಯಾಗಿದ್ದವು. ನಾನು ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ: ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ? ಒಳಚರಂಡಿಯ ಕೊಳವೆಗಳನ್ನು ಹೂತಿದ್ದರು, ಪ್ರತಿ ಬೀದಿಗೂ ಛೇಂಬರಿನ ಮುಚ್ಚಳಗಳಿದ್ದವು, ಎಲ್ಲವೂ ನಕ್ಷೆಯಲ್ಲಿ ಇದ್ದಂತೆಯೇ ಇತ್ತು. ಮೊದಲ ಮಳೆಗಾಲದಲ್ಲಿ ನಮ್ಮ ಗೇಟಿನ ಎದುರಿನ ಮುಚ್ಚಳ ಮೇಲೆದ್ದು ಕೊಳಕು ರಸ್ತೆಗೆ ಹರಿಯಿತು. ಕೊಳವೆಯ ಜಾಡು ಹಿಡಿದು ನಡೆದುಕೊಂಡು ಹೋದೆ; ಬಡಾವಣೆಯ ಕೊನೆಯಲ್ಲಿ, ಯಾರದೋ ಹುರುಳಿ ಹೊಲದ ಬದುವಿನ ಬಳಿ ಆ ಕೊಳವೆ ಸುಮ್ಮನೆ ನಿಂತುಹೋಗಿತ್ತು. ಅದು ಯಾವುದಕ್ಕೂ ಸೇರಿರಲಿಲ್ಲ. ಸಂಘದವರು ಬಡಾವಣೆಗಳಿಗೆ ಅನುಮೋದನೆ ಕೊಡುವ ನಗರಾಭಿವೃದ್ಧಿ ಪ್ರಾಧಿಕಾರದ ಕಡೆ ಕೈ ತೋರಿಸಿದರು, ಪ್ರಾಧಿಕಾರದವರು ಕಾಮಗಾರಿ ಮುಗಿಸಿ ಒಪ್ಪಿಸಿಲ್ಲ ಎಂದರು, ಪಂಚಾಯಿತಿಯವರು ನಮಗೆ ಸಂಬಂಧವಿಲ್ಲ ಎಂದರು. ಬೀದಿದೀಪದ ಬಲ್ಬು ಹೋದರೂ ನಾವೇ ಚಂದಾ ಎತ್ತಿ ಹಾಕಿಸಬೇಕಾಗಿತ್ತು. ಹೀಗೆ ಹನ್ನೊಂದು ವರ್ಷ.

ಆದ್ದರಿಂದ ಬೋಗಾದಿಯಾಚೆಯ ಸೈಟಿನ ಬಗ್ಗೆ ಅಣ್ಣನವರನ್ನು ಬೆಲೆ ಎಷ್ಟು ಎಂದು ಕೇಳುವ ಮೊದಲು, ಆ ಬಡಾವಣೆ ಈ ಹೊತ್ತು ಯಾರ ಸುಪರ್ದಿಯಲ್ಲಿದೆ ಎಂದು ಕೇಳಿ. ಪಾಲಿಕೆಯೇ, ಪಟ್ಟಣ ಪಂಚಾಯಿತಿಯೇ, ಗ್ರಾಮ ಪಂಚಾಯಿತಿಯೇ, ಇನ್ನೂ ಬಡಾವಣೆ ಮಾಡಿದವರ ಕೈಯಲ್ಲೇ ಇದೆಯೇ? ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಹೀಗೆ ಊರಿಗೆ ಅಂಟಿಕೊಂಡ ಹಳ್ಳಿಗಳು ಪಟ್ಟಣ ಪಂಚಾಯಿತಿಗಳಾಗಿ, ಹೂಟಗಳ್ಳಿ ನಗರಸಭೆಯಾಗಿ ಹೆಚ್ಚು ವರ್ಷಗಳಾಗಿಲ್ಲ. ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ನಡೆದಿದೆ. ಫಲಕ ಬದಲಾದ ಮಾತ್ರಕ್ಕೆ ಆ ಹುರುಳಿ ಹೊಲದ ಕೊಳವೆ ತಾನಾಗಿಯೇ ಮುಂದಕ್ಕೆ ಬೆಳೆಯುವುದಿಲ್ಲ. ವಿಜಯನಗರ 4ನೇ ಹಂತದಂಥ, ರಿಂಗ್ ರಸ್ತೆಯ ಆಚೆಗೆ ಪ್ರಾಧಿಕಾರವೇ ಮಾಡಿದ ಬಡಾವಣೆಯಲ್ಲಿಯೂ ಈ ಪ್ರಶ್ನೆ ಕೇಳಬೇಕು. ಖಾಸಗಿ ಬಡಾವಣೆಯಲ್ಲಂತೂ ಕೇಳದೆ ಹೆಜ್ಜೆಯಿಡಬಾರದು.

ಪತ್ರಗಳ ವಿಷಯದಲ್ಲಿ ವಕೀಲರನ್ನು ಇಟ್ಟುಕೊಳ್ಳಿ, ಅವರ ಶುಲ್ಕಕ್ಕೆ ಹಿಂದೆಮುಂದೆ ನೋಡಬೇಡಿ. ಅವರ ಬಳಿ ಹೋಗುವ ಮೊದಲೇ ನೀವು ಕೇಳಿ ತರಿಸಿಕೊಳ್ಳಬಹುದಾದವು ಇವೆ: ಜಮೀನು ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆಯಾದ ಆದೇಶ, ಹಿಂದೆ ಮುಡಾ ಆಗಿದ್ದು ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವೆನಿಸಿರುವ ಸಂಸ್ಥೆ ಅನುಮೋದಿಸಿದ ಬಡಾವಣೆ ನಕ್ಷೆ, ಆ ನಿರ್ದಿಷ್ಟ ಸೈಟಿನ ಬಿಡುಗಡೆ ಆದೇಶ, ಏಕೆಂದರೆ ಬಡಾವಣೆಯ ಎಲ್ಲ ಸೈಟುಗಳನ್ನೂ ಪ್ರಾಧಿಕಾರ ಒಮ್ಮೆಗೇ ಬಿಡುವುದಿಲ್ಲ, ರಸ್ತೆ ಚರಂಡಿ ಮುಗಿದಂತೆ ಹಂತ ಹಂತವಾಗಿ ಬಿಡುತ್ತದೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ. ಇ-ಖಾತೆಯಿಲ್ಲದೆ 2024ರ ಅಕ್ಟೋಬರ್‌ನಿಂದ ನೋಂದಣಿಯೇ ಆಗುವುದಿಲ್ಲ. ಗ್ರಾಮ ಪಂಚಾಯಿತಿಯ ಸೈಟಾದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ ಅಥವಾ 11ಬಿ ಇದೆಯೇ ಎಂದು ಕಣ್ಣಿಟ್ಟು ನೋಡಿ; ಒಂದೇ ಅಕ್ಷರದ ವ್ಯತ್ಯಾಸ, ಆದರೆ 11ಬಿ ಇದ್ದರೆ ಆ ಸೈಟಿಗೆ ಸರಿಯಾದ ಬಡಾವಣೆ ಅನುಮೋದನೆ ಇಲ್ಲವೆಂದೇ ತಿಳಿಯಬೇಕು, ಮುಂದೆ ಮನೆ ಕಟ್ಟಲು ಬ್ಯಾಂಕಿನ ಸಾಲಕ್ಕೂ ಅದು ಅಡ್ಡ ಬರುತ್ತದೆ. ಮಾರುವವರು ತೋರಿಸುವ “ಪಂಚಾಯಿತಿ ಖಾತೆ ಇದೆಯಲ್ಲ” ಎಂಬ ಕಾಗದ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ, ಬಡಾವಣೆ ಕಾನೂನುಬದ್ಧ ಎಂಬುದಕ್ಕಲ್ಲ.

ಇದಿಷ್ಟೂ ಸರಿಯಾಗಿದ್ದರೂ ಒಂದು ವರ್ಷ ಕಾಯಿರಿ ಎಂದೇ ನಾನು ಹೇಳುವುದು. ನಿಮ್ಮ ಹುದ್ದೆ ವರ್ಗಾವಣೆಯದು. ನಾಳೆ ನಿಮಗೆ ಮೈಸೂರಿನ ಒಳಗೇ ಜಾಗ ಸಿಗಬಹುದು, ಅಥವಾ ಹುಣಸೂರಿಗೆ, ತಿ. ನರಸೀಪುರಕ್ಕೆ ಹಾಕಬಹುದು. ಯಜಮಾನರ ಕಾರ್ಖಾನೆಯ ಕೆಲಸವೂ ಮೊದಲ ವರ್ಷ ಪ್ರೊಬೇಷನ್ ಇರಬಹುದು. ಬೋಗಾದಿಯಾಚೆಯ ಗದ್ದಿಗೆ ರಸ್ತೆಯ ಸೈಟು ಹೆಬ್ಬಾಳಕ್ಕೇನೋ ಪರವಾಗಿಲ್ಲ, ನಿಮ್ಮ ನಂಜನಗೂಡಿಗಂತೂ ಹೊಂದುವುದಿಲ್ಲ. ಒಂದು ಮಳೆಗಾಲ, ಒಂದು ದಸರಾ, ಒಂದು ಬೇಸಿಗೆ ಈ ಊರಿನಲ್ಲಿ ಕಳೆದ ಮೇಲೆ ಯಾವ ಕಡೆ ಸೈಟು ಬೇಕು ಎಂದು ನೀವೇ ಅಣ್ಣನವರಿಗೆ ಹೇಳುವಂತಾಗುತ್ತದೆ. ಅಲ್ಲಿಯವರೆಗೆ ಹಣ ಬ್ಯಾಂಕಿನ ಠೇವಣಿಯಲ್ಲಿ ಬಡ್ಡಿ ತರುತ್ತಿರಲಿ. ವರ್ಷದ ಬಾಡಿಗೆ 2,40,000 ರೂಪಾಯಿ ದಂಡವೆಂದು ಅಣ್ಣನವರು ಹೇಳಿದರೆ, ಸೈಟು ಕೊಂಡರೂ ಅದರ ಮೇಲೆ ಮನೆ ಏಳುವವರೆಗೆ ನೀವು ಬಾಡಿಗೆ ಕಟ್ಟಲೇಬೇಕಲ್ಲವೇ ಎಂದು ವಿನಯದಿಂದ ಕೇಳಿ.

ಮಂಡ್ಯದ ಬಗ್ಗೆ ಎರಡು ಮಾತು. ಮಂಡ್ಯ ಒಳ್ಳೆಯ ಊರು, ಬಾಡಿಗೆಯೂ ಕಡಿಮೆ, ಮೈಸೂರಿಗಿಂತ ಬೆಂಗಳೂರಿಗೆ ಹತ್ತಿರ. ಒಬ್ಬರಿಗೆ ಮಂಡ್ಯದಲ್ಲೋ ಮದ್ದೂರಿನಲ್ಲೋ ಕೆಲಸವಿದ್ದು ಇನ್ನೊಬ್ಬರು ರೈಲಿನಲ್ಲಿ ಮೈಸೂರಿಗೆ ಬಂದುಹೋಗುವುದಾದರೆ ನಾನೇ ಅದನ್ನು ಸೂಚಿಸುತ್ತಿದ್ದೆ. ಆದರೆ ಮಂಡ್ಯದಿಂದ ನಂಜನಗೂಡು ಎಂದರೆ ದಿನಕ್ಕೆ ಎರಡು ಊರು ದಾಟುವ ಪ್ರಯಾಣ; ತಿಂಗಳಿಗೆ ಎರಡು ದಿನದ ಬೆಂಗಳೂರಿಗಾಗಿ ತಿಂಗಳ ಉಳಿದ ದಿನಗಳನ್ನು ಒತ್ತೆಯಿಟ್ಟಂತಾಗುತ್ತದೆ. ಹೆದ್ದಾರಿಯಿದೆಯಲ್ಲ, ಯಜಮಾನರು ಬೈಕಿನಲ್ಲೇ ಓಡಾಡಬಹುದು ಎಂದು ನೆಂಟರು ಅಂದಿದ್ದರೆ, 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂಬುದನ್ನು ಅವರಿಗೆ ತಿಳಿಸಿ.

ಮೇ ತಿಂಗಳ ಮೊದಲ ವಾರದಲ್ಲಿ ಮೂರು ದಿನ ಬಿಡುವು ಮಾಡಿಕೊಂಡು ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡುವ ಮೊದಲು ಚಾಮರಾಜಪುರಂನಿಂದ ಕುವೆಂಪುನಗರದವರೆಗೆ ಬೀದಿ ಬೀದಿ ನಡೆಯಿರಿ. ಈ ಊರಿನಲ್ಲಿ ಇನ್ನೂ ಎಷ್ಟೋ ಒಳ್ಳೆಯ ಮನೆಗಳು ಗೇಟಿಗೆ ಕಟ್ಟಿದ ಟು-ಲೆಟ್ ರಟ್ಟಿನಿಂದಲೇ ತುಂಬುತ್ತವೆ. ಮೆಚ್ಚಿದ ಮನೆಯಿಂದ ಒಂದು ಬೆಳಿಗ್ಗೆ, ಕಾಲೇಜಿಗೆ ಹೊರಡುವ ಹೊತ್ತಿಗೇ, ಒಬ್ಬರೇ ನಂಜನಗೂಡಿಗೆ ಹೋಗಿಬನ್ನಿ. ಅಣ್ಣನವರು ಅಷ್ಟರೊಳಗೆ ಟೋಕನ್ ಕೊಟ್ಟುಬಿಟ್ಟಿದ್ದರೆ, ಯಾವ ಸೈಟಿನ ಸಂಖ್ಯೆಗೆ, ಯಾವ ಷರತ್ತಿನ ಮೇಲೆ, ಪತ್ರ ಸರಿಯಿಲ್ಲದಿದ್ದರೆ ಎಷ್ಟು ದಿನದೊಳಗೆ ವಾಪಸ್ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಲು ಇಂದೇ ಫೋನ್ ಮಾಡಿ ಹೇಳಿ.